ಭೂಖಂಡದ ಅಂಚುಗಳ ಸಾಗರ ಭೂವಿಜ್ಞಾನ: ವಿಜಯಪುರ ಸೀಮೆಯ ನೆಲೆಯಿಂದ

ಭೂಖಂಡದ ಅಂಚು: ನೆಲವು ಸಮುದ್ರದ ನೀರಿನಡಿ ಮುಂದುವರಿದು ಆಳಸಾಗರದ ತಳವನ್ನು ಮುಟ್ಟುವವರೆಗಿನ ಪಟ್ಟಿ. ದಂಡೆಯಲ್ಲಿ ಖಂಡ ಮುಗಿಯುವುದಿಲ್ಲ. ದಂಡೆಯಿಂದಾಚೆ ಹೆಚ್ಚುಕಡಿಮೆ ಸಮತಟ್ಟಾದ ಖಂಡಾವರಣವಿರುತ್ತದೆ. ಸರಾಸರಿ 130 ಮೀಟರ್ ಆಳದ ಹೊತ್ತಿಗೆ ಅದು ಮುಗಿದು, ಅಲ್ಲಿಂದ ಖಂಡದ ಇಳಿಜಾರು ಎರಡು-ಮೂರು ಸಾವಿರ ಮೀಟರ್ ಆಳಕ್ಕೆ ಇಳಿಯುತ್ತದೆ. ಇಳಿಜಾರಿನ ಬುಡದಲ್ಲಿ ಮೇಲಿನಿಂದ ಬಂದ ಕೆಸರು, ಮರಳು ದಪ್ಪನಾಗಿ ಕೂತಿರುತ್ತದೆ. ನದಿಗಳು ತಂದ ಮಣ್ಣು ಎಲ್ಲಿ ನಿಂತಿತು, ಎಷ್ಟು ಕಾಲ ನಿಂತಿತು, ಯಾವಾಗ ಜಾರಿತು ಎಂಬುದನ್ನು ಓದುವುದೇ ಈ ಶಾಖೆಯ ಮುಖ್ಯ ಕೆಲಸ.

ವಿಜಯಪುರದವರಿಗೆ ಇದು ದೂರದ ಸಂಗತಿ ಎನಿಸಬಹುದು. ನಗರದಿಂದ ಅರಬ್ಬಿ ಸಮುದ್ರ ನೇರ ಗೆರೆಯಲ್ಲಿ 250 ಕಿ.ಮೀ. ಆಸುಪಾಸಿನಲ್ಲಿದೆ. ಬಂಗಾಳ ಕೊಲ್ಲಿಯ ದೂರ ಅದರ ಎರಡು ಪಟ್ಟಿಗೂ ಹೆಚ್ಚು. ಆದರೂ ಇಲ್ಲಿನ ನೀರೆಲ್ಲ ದೂರದ ಸಮುದ್ರಕ್ಕೇ ಹೋಗುತ್ತದೆ. ತಿಕೋಟಾ, ಬಬಲೇಶ್ವರ ಭಾಗದ ಹಳ್ಳಗಳು ಡೋಣಿಗೋ ನೇರ ಕೃಷ್ಣೆಗೋ ಕೂಡುತ್ತವೆ. ಡೋಣಿಯು ಮಹಾರಾಷ್ಟ್ರದ ಜತ್ತ ಸೀಮೆಯಲ್ಲಿ ಹುಟ್ಟಿ, ಸಾರವಾಡ, ತಾಳಿಕೋಟೆ ಬದಿಯಿಂದ ಹರಿದು ಕೃಷ್ಣೆಯ ಪಾಲಾಗುತ್ತದೆ. ಕೃಷ್ಣೆ ಮಹಾಬಳೇಶ್ವರದಲ್ಲಿ, ಅರಬ್ಬಿ ಸಮುದ್ರಕ್ಕೆ 65 ಕಿ.ಮೀ. ಹತ್ತಿರದಲ್ಲೇ ಹುಟ್ಟಿಯೂ ಅದಕ್ಕೆ ಬೆನ್ನು ಹಾಕಿ, 1,400 ಕಿ.ಮೀ. ಪೂರ್ವಕ್ಕೆ ನಡೆದು ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ.

ನದಿಯ ಈ ಹಟಕ್ಕೆ ಕಾರಣವಿರುವುದು ಪಶ್ಚಿಮದ ಅಂಚು ಹುಟ್ಟಿದ ಬಗೆಯಲ್ಲಿ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಕಳಚಿಕೊಂಡಿತು. ಮಲ್ಪೆ ಎದುರಿನ ಸೇಂಟ್ ಮೇರಿಸ್ ದ್ವೀಪಗಳ ಕಂಬಗಲ್ಲುಗಳು ಆ ಬಿರುಕಿನ ಕಾಲದ ಅಗ್ನಿಶಿಲೆ. ಬಳಿಕ, ಸುಮಾರು 6.6 ಕೋಟಿ ವರ್ಷಗಳ ಹಿಂದೆ, ದಖನ್ ಲಾವಾ ಉಕ್ಕಿ ಸುಮಾರು 5 ಲಕ್ಷ ಚದರ ಕಿ.ಮೀ. ನೆಲವನ್ನು ಮುಚ್ಚಿತು. ಸೆಶೆಲ್ಸ್ ತುಂಡು ಹರಿದು ಬೇರೆಯಾದದ್ದು ಅದರ ಬೆನ್ನಿಗೇ. ಹರಿದ ಅಂಚು ಮೇಲೆದ್ದು, ಸವೆದು, ಹಿಂದೆ ಸರಿದು ಇಂದಿನ ಸಹ್ಯಾದ್ರಿಯ ಕಡಿದಾದ ಮೋರೆಯಾಯಿತು. ಅದರ ಪೂರ್ವದ ಬೆನ್ನು ಬಂಗಾಳ ಕೊಲ್ಲಿಯತ್ತ ವಾಲಿತು. ವಿಜಯಪುರ ನಗರ ಕೂತಿರುವುದು ಆ ಲಾವಾ ಹಾಸಿನ ದಕ್ಷಿಣ ಸೆರಗಿನಲ್ಲಿ. ಗೋಳಗುಮ್ಮಟ ಕಟ್ಟಿದ ಕಪ್ಪುಗಲ್ಲು ಇದೇ ಬಸಾಲ್ಟ್. ಜಿಲ್ಲೆಯ ಪೂರ್ವದಲ್ಲಿ, ತಾಳಿಕೋಟೆ ಕಡೆ, ಲಾವಾ ತೆಳುವಾಗಿ ಕೆಳಗಿನ ಭೀಮಾ ಸಮೂಹದ ಸುಣ್ಣಕಲ್ಲು ತಲೆಹಾಕುತ್ತದೆ. ಮನೆಗಳಿಗೆ ಹಾಸುವ ಶಹಾಬಾದ ಪರಸಿ ಇದೇ ಬಳಗದ್ದು. ಲಾವಾಕ್ಕಿಂತ ಬಹಳ ಬಹಳ ಹಿಂದೆ, ಆಳವಿಲ್ಲದ ಒಂದು ಕಡಲಿನ ತಳದಲ್ಲಿ ಕೂತ ಕೆಸರು ಅದು. ಸಮುದ್ರವೇ ಕಾಣದ ಜಿಲ್ಲೆ ಎಂಬ ಮಾತು ಭೂವಿಜ್ಞಾನದಲ್ಲಿ ನಿಲ್ಲುವುದಿಲ್ಲ.

ಪಶ್ಚಿಮದ ಖಂಡಾವರಣ ಮುಂಬೈ ಎದುರು ಸುಮಾರು 300 ಕಿ.ಮೀ. ಅಗಲವಿದ್ದು ದಕ್ಷಿಣಕ್ಕೆ ಹೋದಂತೆ ಕಿರಿದಾಗುತ್ತದೆ. ಕೊಚ್ಚಿಯ ಎದುರು ಸುಮಾರು 60 ಕಿ.ಮೀ. ಮಾತ್ರ. ದಂಡೆಯಿಂದ 50-60 ಮೀಟರ್ ಆಳದವರೆಗೆ ಕಾಳಿ, ಶರಾವತಿ, ನೇತ್ರಾವತಿಯಂಥ ನದಿಗಳ ಕೆಸರಿದೆ. ಅದರಾಚೆ ಸುಣ್ಣದ ಮರಳು. ಈ ಮರಳು ಇಂದಿನದಲ್ಲ. ಹಿಮಯುಗದಲ್ಲಿ, 20,000 ವರ್ಷಗಳ ಹಿಂದೆ, ಸಮುದ್ರಮಟ್ಟ ಈಗಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ನೀರು ಮತ್ತೆ ಏರುತ್ತಿದ್ದಾಗ ಆಳವಿಲ್ಲದ ಕಡಲಲ್ಲಿ ಕೂತು, ಆಮೇಲೆ ಮುಳುಗಿ ಉಳಿದ ಹಳೆಯ ದಂಡೆಯ ಮರಳು ಇದು. ಅರಬ್ಬಿ ಸಮುದ್ರದ ಇಳಿಜಾರಿನಲ್ಲಿ ನಡುವಿನ ನೀರಿಗೆ ಆಮ್ಲಜನಕ ತೀರ ಕಡಿಮೆ, ಹಾಗಾಗಿ ಸತ್ತ ಜೀವಿಗಳ ಇಂಗಾಲ ಕೊಳೆಯದೆ ಅಲ್ಲಿನ ಕೆಸರಿನಲ್ಲಿ ಉಳಿದುಕೊಳ್ಳುತ್ತದೆ.

ಇಳಿಜಾರಿನ ಕೆಸರು ಸದಾ ಕೂತಲ್ಲೇ ಇರುವುದಿಲ್ಲ, ಜಾರುವುದೂ ಉಂಟು. ಸಮುದ್ರದೊಳಗಿನ ಭೂಕುಸಿತ ನೆಲದ ಮೇಲಿನ ಕುಸಿತಕ್ಕಿಂತ ಮೆಲ್ಲನೆಯ ಇಳಿಜಾರಿನಲ್ಲೂ ಆಗುತ್ತದೆ. ಮೂರು-ನಾಲ್ಕು ಡಿಗ್ರಿ ಓರೆ ಸಾಕು, ಒಮ್ಮೊಮ್ಮೆ ಅದಕ್ಕೂ ಕಡಿಮೆ. ಕಾರಣ ನೀರು. ಕೆಸರು ಬೇಗಬೇಗ ಮೇಲೆ ಬಿದ್ದಾಗ ಕೆಳಪದರದ ಕಣಗಳ ನಡುವಿನ ನೀರಿಗೆ ಹೊರಹೋಗಲು ಪುರುಸೊತ್ತು ಸಿಗುವುದಿಲ್ಲ. ಮೇಲಿನ ಭಾರವನ್ನು ಕಣಗಳ ಬದಲು ನೀರೇ ಹೊರುತ್ತದೆ, ಕಣಗಳ ಹಿಡಿತ ಸಡಿಲುತ್ತದೆ. ಆಮೇಲೆ ಒಂದು ಭೂಕಂಪ ಅಥವಾ ಕೆಳಗಿನಿಂದೇರುವ ಅನಿಲ ಸಾಕು. 1929ರ ನವೆಂಬರ್ 18ರಂದು ಕೆನಡಾದ ಗ್ರ್ಯಾಂಡ್ ಬ್ಯಾಂಕ್ಸ್ ಬಳಿ ಭೂಕಂಪವೊಂದು ಇಂಥ ಕುಸಿತ ತಂದಿತು. ಕೆಸರು ಬೆರೆತ ನೀರು ಇಳಿಜಾರಿನಲ್ಲಿ ಓಡಿ ಅಟ್ಲಾಂಟಿಕ್ ತಂತಿ ಕೇಬಲ್‌ಗಳನ್ನು ಒಂದರ ಹಿಂದೊಂದು ಕಡಿಯಿತು. ಕುಸಿತ ಎಬ್ಬಿಸಿದ ಸುನಾಮಿಗೆ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ 28 ಮಂದಿ ಸತ್ತರು. ಕೇಬಲ್‌ಗಳು ತುಂಡಾದ ಹೊತ್ತನ್ನು ಲೆಕ್ಕ ಹಾಕಿಯೇ ಮುಂದೆ ವಿಜ್ಞಾನಿಗಳು ಕೆಸರು ಪ್ರವಾಹದ ವೇಗವನ್ನು ಕಂಡುಕೊಂಡರು. 1998ರ ಜುಲೈ 17ರಂದು ಪಾಪುವಾ ನ್ಯೂಗಿನಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಕೊಂದ ಸುನಾಮಿಯ ಹಿಂದೆಯೂ ಸಾಗರತಳದ ಕುಸಿತವಿತ್ತೆಂದು ಬಹುಪಾಲು ತಜ್ಞರು ಒಪ್ಪುತ್ತಾರೆ.

ಇವೆಲ್ಲ ಭಾರತದ ಪಶ್ಚಿಮ ಅಂಚಿನ ಒಂದು ಕುಸಿತದ ಮುಂದೆ ಪುಡಿ. ಅದಕ್ಕೆ ‘ನಟರಾಜ’ ಎಂದು ಹೆಸರಿಟ್ಟಿದ್ದಾರೆ. ಸುಮಾರು 1.08 ಕೋಟಿ ವರ್ಷಗಳ ಹಿಂದೆ ಪಶ್ಚಿಮ ಭಾರತದ ಖಂಡಾವರಣದ ಒಂದು ಭಾಗ ಕಳಚಿ, ಅರಬ್ಬಿ ಸಮುದ್ರದ ತಳದ ಲಕ್ಷ್ಮಿ ಕುಳಿಗೆ ಜಾರಿತು. ಅಂದಾಜು ಗಾತ್ರ 19,000 ಘನ ಕಿ.ಮೀ. ಸುಮಾರು 8,150 ವರ್ಷಗಳ ಹಿಂದಿನ ನಾರ್ವೆಯ ಪ್ರಸಿದ್ಧ ಸ್ಟೊರೆಗ್ಗ ಕುಸಿತ ಸುಮಾರು 3,000 ಘನ ಕಿ.ಮೀ. ಇದ್ದಿತು. ನಟರಾಜ ಅದರ ಆರು ಪಟ್ಟು. 2015ರಲ್ಲಿ ‘ಜಾಯ್ಡಿಸ್ ರೆಸಲ್ಯೂಷನ್’ ಎಂಬ ಕೊರೆಯುವ ಹಡಗು ಲಕ್ಷ್ಮಿ ಕುಳಿಯಲ್ಲಿ, ನೀರೇ 3,600 ಮೀಟರ್ ಆಳವಿರುವಲ್ಲಿ, ಕೊಳವೆ ಇಳಿಸಿ ಆ ಗುಪ್ಪೆಯ ಮಾದರಿಗಳನ್ನು ಮೇಲೆ ತಂದಿತು. ಆ ಯಾನದ ಇಬ್ಬರು ಮುಖ್ಯ ವಿಜ್ಞಾನಿಗಳಲ್ಲಿ ಒಬ್ಬರು ಗೋವಾದ ಧ್ರುವೀಯ ಮತ್ತು ಸಾಗರ ಸಂಶೋಧನಾ ಕೇಂದ್ರದ ಧನಂಜಯ ಪಾಂಡೆ, ಇನ್ನೊಬ್ಬರು ಪೀಟರ್ ಕ್ಲಿಫ್ಟ್. ಆಳವಿಲ್ಲದ ಕಡಲಲ್ಲಿ ಮಾತ್ರ ಬೆಳೆಯುವ ಸುಣ್ಣಕಲ್ಲಿನ ಚೂರುಗಳು ಆ ಆಳದಲ್ಲಿ ಸಿಕ್ಕವು. ಮೇಲಿನ ಖಂಡಾವರಣವೇ ಮುರಿದು ಬಿದ್ದಿತೆಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ವಿಜಯಪುರದ ಮಣ್ಣು ಹೋಗುವುದು ಮಾತ್ರ ಪೂರ್ವದ ಅಂಚಿಗೆ. ಅದು ಹೆಚ್ಚು ಹಳೆಯದು, ಸುಮಾರು 13 ಕೋಟಿ ವರ್ಷಗಳ ಹಿಂದೆ ಅಂಟಾರ್ಟಿಕಾ ಬೇರ್ಪಟ್ಟಾಗ ಹುಟ್ಟಿದ್ದು. ಖಂಡಾವರಣ ಕಿರಿದು, ಮಣ್ಣು ಹೆಚ್ಚು. ಬಸಾಲ್ಟ್ ಕೊಳೆತು ಆದ ಎರೆಮಣ್ಣಿನಲ್ಲಿ ಸ್ಮೆಕ್ಟೈಟ್ ಎಂಬ ಜೇಡಿ ಖನಿಜ ತುಂಬಿದೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಬೇಸಿಗೆಯಲ್ಲಿ ತಿಕೋಟಾ ಸೀಮೆಯ ಎರೆಹೊಲದ ಬಿರುಕಿಗೆ ಕೈ ಇಳಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೃಷ್ಣಾ-ಗೋದಾವರಿ ಮುಖದ ಎದುರಿನ ಸಾಗರತಳದಲ್ಲೂ ಮೇಲುಗೈ ಇದೇ ಸ್ಮೆಕ್ಟೈಟ್‌ನದು. ಅದರ ಜತೆ ದಖನ್ ಬಸಾಲ್ಟ್‌ನಿಂದ ಉದುರಿದ ಕಾಂತೀಯ ಕಬ್ಬಿಣದ ಕಣಗಳೂ ಸಿಗುತ್ತವೆ. ಕಣಗಳ ಕಾಂತಗುಣ ಅಳೆದು ಕೆಸರಿನ ತವರನ್ನು ಹೇಳಬಹುದು.

ಈ ಜೇಡಿಗೆ ಜಾರುವ ಗುಣ ಹೆಚ್ಚು, ಘರ್ಷಣೆ ಕಡಿಮೆ. ಕೃಷ್ಣಾ-ಗೋದಾವರಿ ಇಳಿಜಾರಿನಲ್ಲಿ ಕುಸಿದು ಮುದ್ದೆಯಾಗಿ ನಿಂತ ಕೆಸರಿನ ಪದರಗಳು ಮತ್ತೆ ಮತ್ತೆ ಕಾಣುತ್ತವೆ. ಅನಿಲವೂ ಇಲ್ಲಿ ಹೇರಳ. ಆಳದ ತಂಪಿನಲ್ಲಿ, ಒತ್ತಡದಲ್ಲಿ, ಮೀಥೇನ್ ನೀರಿನೊಡನೆ ಸೇರಿ ಮಂಜುಗಡ್ಡೆಯಂಥ ಹೈಡ್ರೇಟ್ ಆಗುತ್ತದೆ. 2006ರಲ್ಲಿ ಭಾರತದ ರಾಷ್ಟ್ರೀಯ ಅನಿಲ ಹೈಡ್ರೇಟ್ ಕಾರ್ಯಕ್ರಮ ಇದೇ ‘ಜಾಯ್ಡಿಸ್ ರೆಸಲ್ಯೂಷನ್’ ಹಡಗಿನಿಂದ ಇಲ್ಲಿ ಕೊರೆದಾಗ, ಒಂದು ತಾಣದಲ್ಲಿ ಬಿರುಕುಬಿಟ್ಟ ಜೇಡಿಯೊಳಗೆ ಸುಮಾರು 130 ಮೀಟರ್ ದಪ್ಪದ ಹೈಡ್ರೇಟ್ ವಲಯ ಸಿಕ್ಕಿತು. ಮುಂದೆಂದಾದರೂ ಇದನ್ನು ಇಂಧನವಾಗಿ ತೆಗೆಯಲು ಹೊರಟವರು ಮೊದಲು ಇಳಿಜಾರು ನಿಲ್ಲುತ್ತದೆಯೇ ಎಂದು ಕೇಳಬೇಕು.

ಅದೇ ಯಾನದಲ್ಲಿ ಗೋದಾವರಿ ಮುಖದ ಎದುರು, 1,268 ಮೀಟರ್ ಆಳದಿಂದ ತೆಗೆದ ಒಂದು ಕೆಸರಿನ ಕಂಬ ಇನ್ನೂ ಸ್ವಾರಸ್ಯಕರ ಕಥೆ ಹೇಳಿತು. ಲಿವಿಯು ಜೋಸಾನ್ ಮತ್ತು ಸಂಗಡಿಗರು 2017ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಹಿಂದಿನ ಕೆಲವು ಸಾವಿರ ವರ್ಷಗಳಲ್ಲಿ ಮುಂಗಾರು ಕ್ಷೀಣಿಸಿದಾಗ ದಖನ್ನಿನ ಸವೆತ ತಗ್ಗಲಿಲ್ಲ, ಏರಿತು. ನವಶಿಲಾಯುಗದ ಬೇಸಾಯ, ಆಮೇಲೆ ಕಬ್ಬಿಣ ಯುಗದಲ್ಲಿ ಹಬ್ಬಿದ ಬೇಸಾಯ ಅದನ್ನು ಇನ್ನೂ ಹೆಚ್ಚಿಸಿದವು. ಸಮುದ್ರಮಟ್ಟ ಏರಿ ನಿಂತಿದ್ದರೂ ಖಂಡದ ಅಂಚು ಬಿರುಸಾಗಿ ಬೆಳೆಯಿತು. ಮಳೆ ಕಡಿಮೆಯಾದರೆ ಸವೆತ ಹೆಚ್ಚುವುದು ಹೇಗೆ? ಇದಕ್ಕೆ ಉತ್ತರ ವಿಜಯಪುರದ ಹೊಲದಲ್ಲಿದೆ. ವರ್ಷದ ಮಳೆ 600 ಮಿ.ಮೀ. ಆಸುಪಾಸು, ಅದೂ ಒಂದೇ ಸಮ ಬರುವುದಿಲ್ಲ. ಹಿಂಗಾರಿ ಬಿಳಿಜೋಳಕ್ಕೆಂದು ಎರೆಹೊಲವನ್ನು ಮುಂಗಾರಿನಲ್ಲಿ ಬರಿದಾಗಿ ಬಿಡುವುದು ಇಲ್ಲಿಯ ರೂಢಿ. ಹಸಿರಿಲ್ಲದ ಆ ನೆಲದ ಮೇಲೆ ಉತ್ತರಿ, ಹಸ್ತದ ಹೊತ್ತಿಗೆ ಎರಡು ತಾಸಿನ ರಭಸದ ಮಳೆ ಬಿದ್ದರೆ ಮೇಲ್ಮಣ್ಣು ಹಳ್ಳದ ದಾರಿ ಹಿಡಿಯುತ್ತದೆ. ಗಿಡಗಂಟಿ ಕಡಿಮೆಯಾದ ನಾಡಿನಲ್ಲಿ ಕಡಿಮೆ ಮಳೆಯೇ ಹೆಚ್ಚು ಕೊಚ್ಚುತ್ತದೆ. ಹೊಲಗಳಿಗೆ ಒಡ್ಡು ಹಾಕುವ ಪದ್ಧತಿ ಇಲ್ಲಿ ಹಬ್ಬಿದ್ದು, 1930ರ ದಶಕದಲ್ಲಿ ಒಣ ಬೇಸಾಯದ ಸಂಶೋಧನಾ ಕೇಂದ್ರ ಇಲ್ಲಿಗೆ ಬಂದದ್ದು ಸುಮ್ಮನೆ ಅಲ್ಲ.

ಕರ್ನಾಟಕದಲ್ಲಿ ಈ ವಿಜ್ಞಾನದ ಮನೆ ಮಂಗಳೂರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಸಾಗರ ಮತ್ತು ಕರಾವಳಿ ಸರ್ವೇಕ್ಷಣ ವಿಭಾಗದ ಕೇಂದ್ರ ಕಚೇರಿ ಅಲ್ಲಿದೆ. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಸಾಗರ ಭೂವಿಜ್ಞಾನದ ವಿಭಾಗವಿದೆ. 1966ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ನೆರೆಯ ಗೋವಾದಲ್ಲಿದೆ.

ಇನ್ನು ಅಣೆಕಟ್ಟುಗಳ ಮಾತು. ಇಂದು ವಿಜಯಪುರ ಸೀಮೆಯ ರೇವೆ ಸಮುದ್ರ ಸೇರುವುದು ಅಪರೂಪ. ಕೃಷ್ಣೆಗೆ ಅಡ್ಡವಾಗಿ ಮೇಲೆ ಆಲಮಟ್ಟಿ, ನಾರಾಯಣಪುರ, ಕೆಳಗೆ ಜುರಾಲ, ಶ್ರೀಶೈಲ, ನಾಗಾರ್ಜುನಸಾಗರ, ಕೊನೆಗೆ ವಿಜಯವಾಡದ ಪ್ರಕಾಶಂ ಬ್ಯಾರೇಜ್. ಹೂಳು ಹಿಡಿಯುವ ಕಟ್ಟೆಗಳು ಈ ಸೀಮೆಗೆ ಹೊಸತಲ್ಲ. ಬಬಲೇಶ್ವರ ಸೀಮೆಯ ಮಮದಾಪುರದಲ್ಲಿ ಆದಿಲಶಾಹಿಗಳು ಕಟ್ಟಿಸಿದ ಕೆರೆಯೂ ಹೂಳು ಉಂಡಿದೆ. ಆದರೆ ಇಡೀ ನದಿಯ ಮಣ್ಣನ್ನು ತಡೆಯುವ ಕೆಲಸ ಇಪ್ಪತ್ತನೆಯ ಶತಮಾನದ್ದು. ಅಣೆಕಟ್ಟುಗಳಿಗೆ ಮುಂಚಿನ ಲೆಕ್ಕಕ್ಕೆ ಹೋಲಿಸಿದರೆ ಕೃಷ್ಣೆ ಸಮುದ್ರಕ್ಕೆ ಒಯ್ಯುವ ಮಣ್ಣು ಶೇ 90ಕ್ಕೂ ಹೆಚ್ಚು ಇಳಿದಿದೆ, ಕೃಷ್ಣಾ ಮುಖಜಭೂಮಿಯ ದಂಡೆ ಹಲವೆಡೆ ಕೊರೆದು ಹಿಂದೆ ಸರಿಯುತ್ತಿದೆ.