ಅಮ್ಮನ ಎಣಿಕೆ, ಪರದೆಯ ಆಟ

“ಮನೆಯಲ್ಲೂ ದಿನಾ ವ್ಯಾಯಾಮ ಮಾಡಿಸಿ.” ಸೆರೆಬ್ರಲ್ ಪಾಲ್ಸಿ ಇರುವ ಮಗುವನ್ನು ಫಿಸಿಯೋಥೆರಪಿಗೆ ಕರೆದೊಯ್ದಾಗ ಕೇಳಿಬರುವ ಈ ಮಾತು ಹೆಚ್ಚಾಗಿ ಅಮ್ಮನ ಪಾಲಿಗೇ ಬರುತ್ತದೆ. ಒಂದು, ಎರಡು, ಮೂರು ಎಂದು ಎಣಿಸುವವಳು ಅವಳು. ಮಗು ಹಟ ಹಿಡಿದರೆ ರಮಿಸುವವಳೂ ಅವಳೇ. ಈ ದುಡಿಮೆಯನ್ನು ಆಟವಾಗಿಸುವ ಪ್ರಯತ್ನಕ್ಕೆ ಎರಡು ದಶಕ ದಾಟಿದ ಇತಿಹಾಸವಿದೆ. ಐಟಿ ಕ್ಷೇತ್ರದವಳಾದರೂ ಅದರಲ್ಲಿ ನನಗೆ ಯಂತ್ರಕ್ಕಿಂತ ಮನೆಯೇ ಮುಖ್ಯವಾಗಿ ಕಾಣುತ್ತದೆ.

ತಲೆಗೆ ಧರಿಸುವ ಪರದೆಯನ್ನು ಅಮೆರಿಕದ ಇವಾನ್ ಸದರ್ಲೆಂಡ್ 1968ರಲ್ಲೇ ತೋರಿಸಿದ್ದರು. ಚಾವಣಿಗೆ ಜೋಡಿಸಿದ್ದ ಆ ಸಾಧನ ಪ್ರಯೋಗಾಲಯ ಬಿಟ್ಟು ಬರುವಂತಿರಲಿಲ್ಲ. ಮಕ್ಕಳ ಚಿಕಿತ್ಸೆಗೆ ಮೊದಲು ಒದಗಿದ್ದು ಇನ್ನೂ ಸರಳವಾದ ದಾರಿ: ಕ್ಯಾಮೆರಾ ಎದುರು ಕೈಕಾಲು ಆಡಿಸುವ ಮಗು ಪರದೆಯ ಆಟದೊಳಗೆ ತನ್ನನ್ನೇ ಕಾಣುವುದು. ಟೊರಾಂಟೊದ ಡೆನಿಸ್ ರೀಡ್ 2002ರಲ್ಲಿ ಪ್ರಕಟಿಸಿದ ಅಧ್ಯಯನ, ಇಂಥ ಆಟದಿಂದ ಮಕ್ಕಳಿಗೆ ‘ನನ್ನಿಂದ ಆಗುತ್ತದೆ’ ಎಂಬ ನಂಬಿಕೆ ಬರುತ್ತದೆಯೇ ಎಂದು ನೋಡಿತು.

2006ರಲ್ಲಿ ಕೆನಡಾದ ಸಂಶೋಧಕರು ಪಾದದ ವ್ಯಾಯಾಮವನ್ನು ಎರಡು ರೀತಿಯಲ್ಲಿ ಮಾಡಿಸಿ ಹೋಲಿಸಿದರು. ಮಾಮೂಲಿ ವ್ಯಾಯಾಮದಲ್ಲಿ ಮಕ್ಕಳು ಹೆಚ್ಚು ಸಲ ಪಾದ ಎತ್ತಿದರು. ಆದರೆ ಆಟದಲ್ಲಿ ಪಾದ ಹೆಚ್ಚು ಮೇಲೆ ಬಂತು, ಹೆಚ್ಚು ಹೊತ್ತು ಹಾಗೇ ನಿಂತಿತು. ಅಂದರೆ ಎಣಿಕೆಯೊಂದೇ ಅಳತೆಯಲ್ಲ.

2010ರಲ್ಲಿ ಅಮೆರಿಕದ ಇಂಡಿಯಾನಾದಿಂದ ಬಂದ ವರದಿಯಲ್ಲಿ ಯಂತ್ರ ಮನೆಯೊಳಗೇ ಬಂದಿತ್ತು. ಒಂದು ಬದಿಯ ಕೈಗೆ ಶಕ್ತಿಯಿಲ್ಲದ ಮೂವರು ಹದಿಹರೆಯದವರ ಮನೆಯಲ್ಲಿ ಸೆನ್ಸರ್ ಕೈಗವಸು ಜೋಡಿಸಿದ ಗೇಮ್ ಕನ್ಸೋಲ್ ಇಟ್ಟರು. ದಿನಕ್ಕೆ 30 ನಿಮಿಷ, ವಾರಕ್ಕೆ 5 ದಿನ ಆಟ. ಸಂಶೋಧಕರು ದೂರದಿಂದಲೇ ಗಮನಿಸುತ್ತಿದ್ದರು. ಕೈಯ ಕೆಲಸ ಸುಧಾರಿಸಿತು. ಮುಂಗೈ ಮೂಳೆಯ ಸ್ಥಿತಿಯೂ ಉತ್ತಮವಾಯಿತು. ಮೂವರೇ ಆದ್ದರಿಂದ ಇದನ್ನು ಎಲ್ಲ ಮಕ್ಕಳಿಗೂ ಅನ್ವಯಿಸಲಾಗದು. ಆದರೂ ಲೆಕ್ಕ ಇಡುವ ಕೆಲಸ ಯಂತ್ರಕ್ಕೆ ಹೋದದ್ದು ಸಣ್ಣ ಸಂಗತಿಯಲ್ಲ.

ಅದೇ ವರ್ಷ ಮೈಕ್ರೋಸಾಫ್ಟ್‌ನ ಕಿನೆಕ್ಟ್ ಕ್ಯಾಮೆರಾ ಬಂತು. ಕೈಗವಸೂ ಇಲ್ಲದೆ ದೇಹದ ಚಲನೆ ಗುರುತಿಸುತ್ತಿದ್ದುದರಿಂದ ಪುನಶ್ಚೇತನ ಚಿಕಿತ್ಸೆಯ ಎಷ್ಟೋ ಪ್ರಯೋಗಗಳು ಅದನ್ನೇ ನೆಚ್ಚಿಕೊಂಡವು. 2017ರಲ್ಲಿ ಅದರ ತಯಾರಿಕೆ ನಿಂತಿತು. ನಮ್ಮ ವೃತ್ತಿಯಲ್ಲಿ ಏಳು ವರ್ಷ ಒಂದು ಉತ್ಪನ್ನಕ್ಕೆ ದೀರ್ಘಾಯುಷ್ಯ; ಬೆಳೆಯುವ ಮಗುವಿಗೆ ಅದು ಬಾಲ್ಯದ ಅರ್ಧ ಮಾತ್ರ. ವ್ಯಾಯಾಮ ಆಮೇಲೂ ಬೇಕು.

ಹಾಗಾಗಿ ಸಾಧನ ಕೊಳ್ಳುವ ಮೊದಲು ಥೆರಪಿಸ್ಟ್ ಅವರನ್ನು ಕೇಳಬೇಕಾದ್ದು ‘ಯಾವ ಕಂಪನಿಯದು?’ ಎಂದಲ್ಲ, ‘ನನ್ನ ಮಗುವಿಗೆ ಯಾವ ಚಲನೆ ಬೇಕು, ಈ ಆಟ ಅದನ್ನು ಮಾಡಿಸುತ್ತದೆಯೇ?’ ಎಂದು. ಆಟ ಯಾವುದೇ ಇರಲಿ, ಆ ಅರ್ಧ ಗಂಟೆ ಪಕ್ಕದಲ್ಲಿ ಕೂರುವವರು ಬೇಕೇ ಬೇಕು. ಅದು ಪ್ರತಿದಿನ ಅಮ್ಮನೇ ಆಗಬೇಕೆಂದಿಲ್ಲ. ಅಪ್ಪ, ಅಜ್ಜ, ಅಕ್ಕ ಯಾರೂ ಕೂರಬಹುದು.