ತೂಕ ಇಳಿಕೆಗೆ ಮನೆಯಲ್ಲೇ ವ್ಯಾಯಾಮ: ಆಯ್ಕೆ ಹೇಗೆ?

ತೂಕ ಇಳಿಸಲು ದುಬಾರಿ ಟ್ರೆಡ್‌ಮಿಲ್ ಅನಿವಾರ್ಯವಲ್ಲ. ಅನೇಕ ಮನೆಗಳಲ್ಲಿ ಅದು ಕೊನೆಗೆ ಬಟ್ಟೆ ಒಣಹಾಕುವ ಸಾಧನವಾಗುವುದೇ ಹೆಚ್ಚು. ವಯಸ್ಸು, ಮಂಡಿಗಳ ಸ್ಥಿತಿ ಹಾಗೂ ನಿತ್ಯ ದೊರೆಯುವ ಸಮಯವನ್ನು ನೋಡಿ ವ್ಯಾಯಾಮವನ್ನು ಆರಿಸಿಕೊಳ್ಳಬೇಕು.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ತೀವ್ರತೆಯ ಚಟುವಟಿಕೆ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಅಗತ್ಯ. ಮಾತನಾಡಬಹುದು, ಹಾಡಲಾಗದು ಎನ್ನುವಷ್ಟು ಉಸಿರಾಟ ಬಿರುಸಾದರೆ ಅದು ಮಧ್ಯಮ ತೀವ್ರತೆ.

ಹಗ್ಗ ಜಿಗಿತ ಅಲ್ಪ ಸಮಯದಲ್ಲಿ ಹೆಚ್ಚು ಕ್ಯಾಲೊರಿ ವ್ಯಯಿಸುತ್ತದೆ. ಆದರೆ ಸ್ಥೂಲಕಾಯರ ಮಂಡಿಗಳಿಗೆ ಅದು ಹೊರೆ. ಅಂಥವರಿಗೆ ತಾರಸಿಯ ಮೇಲಿನ ಬಿರುಸು ನಡಿಗೆ ಸೂಕ್ತ. ಕೈಯೂರದೆ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಯೂರಿ ದಂಡ ಹೊಡೆಯುವುದು ಸ್ನಾಯುಬಲಕ್ಕೆ ಒಳ್ಳೆಯ ಆರಂಭ. ಹೊಟ್ಟೆಯ ವ್ಯಾಯಾಮದಿಂದ ಹೊಟ್ಟೆಯ ಬೊಜ್ಜಷ್ಟೇ ಕರಗುತ್ತದೆಂಬ ಜಾಹೀರಾತುಗಳನ್ನು ನಂಬಬೇಕಿಲ್ಲ.

ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಅಡಗಿದೆ. 70 ಕಿಲೋ ತೂಕದವರ ಅರ್ಧ ಗಂಟೆಯ ಬಿರುಸು ನಡಿಗೆ ವ್ಯಯಿಸುವುದು 150ರ ಆಸುಪಾಸು. ಹೋಟೆಲಿನ ಒಂದು ಮಸಾಲೆ ದೋಸೆ ಅದನ್ನು ಮರಳಿ ತುಂಬಿಬಿಡುತ್ತದೆ. ಹೀಗಾಗಿ ತೂಕ ಇಳಿಯಬೇಕಾದರೆ ಊಟದಲ್ಲೂ ಮಿತಿ ಬೇಕು. ಇಳಿದ ತೂಕ ಮರಳದಂತೆ ಕಾಯುವುದರಲ್ಲಿ ವ್ಯಾಯಾಮದ ಪಾತ್ರ ಹಿರಿದು.

ಇನ್ಸುಲಿನ್ ಪಡೆಯುವ ಮಧುಮೇಹಿಗಳಲ್ಲಿ ವ್ಯಾಯಾಮದ ವೇಳೆ ರಕ್ತದ ಸಕ್ಕರೆ ಕುಸಿಯಬಹುದು. ಅವರೂ ಹೃದ್ರೋಗಿಗಳೂ ಮೊದಲು ವೈದ್ಯರನ್ನು ಕಾಣಬೇಕು. ಎದೆನೋವು, ತಲೆಸುತ್ತು ಕಾಣಿಸಿದರೆ ಕೂಡಲೇ ನಿಲ್ಲಿಸಬೇಕು.