ಬಂಡೆ ಕೊರೆದ ಕಥೆ

ಕಳೆದ ತಿಂಗಳು ಹಳೆಯ ಟ್ರಂಕೊಂದನ್ನು ಒಪ್ಪಮಾಡುತ್ತಿದ್ದಾಗ ಗೇಣುದ್ದದ ಉಕ್ಕಿನ ತುಂಡೊಂದು ಕೈಗೆ ಸಿಕ್ಕಿತು. ಆರು ಮುಖಗಳುಳ್ಳ ಸರಳು. ಅದರ ನಡುವೆ ಈ ತುದಿಯಿಂದ ಆ ತುದಿಯವರೆಗೆ ಊದುಬತ್ತಿ ಸಲೀಸಾಗಿ ತೂರುವಷ್ಟು ರಂಧ್ರ. 1991ರಲ್ಲಿ ನನ್ನ ಹತ್ತನೆಯ ತರಗತಿಯಲ್ಲಿ ಕುಳಿತಿದ್ದವರಿಗೆ ಇದು ನೆನಪಿರಬಹುದು. ಅನಿಲಗಳ ಒತ್ತಡದ ಪಾಠ ಮಾಡುತ್ತಾ, ಒತ್ತಿದ ಗಾಳಿಯಿಂದ ನಡೆಯುವ ಯಂತ್ರಗಳನ್ನು ಹೆಸರಿಸಿರೆಂದು ಕೇಳಿದ್ದೆ. ಮರುದಿನ ಒಬ್ಬ ಹುಡುಗ ಇದನ್ನು ತಂದು ಮೇಜಿನ ಮೇಲಿಟ್ಟ. ಅವನ ತಂದೆ ಕಲ್ಲು ಕ್ವಾರಿಯಲ್ಲಿ ಕಂಪ್ರೆಸರ್ ಕೆಲಸದವರು. ಸವೆದ ರಾಡನ್ನು ಕತ್ತರಿಸಿ ಮಗನ ಕೈಗೆ ಕೊಟ್ಟು ಕಳುಹಿಸಿದ್ದರು.

ಎಲ್ಲಿಯೋ ಓದಿದ್ದ ನೆನಪಿನಿಂದ ನಾನು, "ಈ ರಂಧ್ರದ ಮೂಲಕ ನೀರು ಹರಿದು ಕಲ್ಲಿನ ಪುಡಿಯನ್ನು ತೊಳೆಯುತ್ತದೆ" ಎಂದು ವಿವರಿಸಿದೆ. ಹುಡುಗ ಎದ್ದು ನಿಂತು, "ನಮ್ಮಪ್ಪನ ಮಿಷಿನ್ನಲ್ಲಿ ಅದರೊಳಗೆ ನೀರು ಬರಲ್ಲ ಸಾರ್, ಬರೀ ಗಾಳಿ" ಎಂದ. ನಾನು ಏನೋ ಹೇಳಿ ಪಾಠ ಮುಂದುವರಿಸಿದೆ. ಅಂದು ಹೇಳಬೇಕಾಗಿದ್ದ ಉತ್ತರವನ್ನು ಸರಿಯಾಗಿ ಓದಿಕೊಂಡು ಈಗ ಬರೆಯುತ್ತಿದ್ದೇನೆ.

ಬಂಡೆಯೊಡನೆ ಮನುಷ್ಯ ಹೂಡಿದ ಮೊದಲ ಹೋರಾಟದಲ್ಲಿ ಕೊರೆಯುವ ಮಾತೇ ಇರಲಿಲ್ಲ, ಸುಡುವುದಷ್ಟೇ ಇತ್ತು. ಕಟ್ಟಿಗೆಯುರಿಯಲ್ಲಿ ಕಾಯಿಸಿದರೆ ಬಂಡೆ ಹಿಗ್ಗಿ ಬಿರಿಯುತ್ತದೆ. ರಾಯಚೂರು ಜಿಲ್ಲೆಯ ಹಟ್ಟಿಯ ಪ್ರಾಚೀನ ಚಿನ್ನದ ಗಣಿಗಳಲ್ಲಿ ನಮ್ಮ ಪೂರ್ವಿಕರು 600 ಅಡಿಗೂ ಆಳಕ್ಕೆ ಇಳಿದಿದ್ದರು. ಅಲ್ಲಿ ಸಿಕ್ಕ ಮರದ ತುಂಡುಗಳ ವಯಸ್ಸು ಸುಮಾರು ಎರಡು ಸಾವಿರ ವರ್ಷಗಳೆಂದು ಲೆಕ್ಕಹಾಕಿದ್ದಾರೆ. ಬೆಂಗಳೂರಿನ ಸುತ್ತಮುತ್ತಲ ಕಲ್ಲುಕುಟಿಗರು ಇದೇ ಬೆಂಕಿಯನ್ನು ಇನ್ನೂ ನಾಜೂಕಾಗಿ ಬಳಸುತ್ತಿದ್ದರು. ಹಾಸುಬಂಡೆಯ ಮೇಲೆ ಸಾಲಾಗಿ ಉರಿ ಹಾಕಿ, ಮುಂದಿನ ಕಲ್ಲನ್ನು ಸುತ್ತಿಗೆಯಿಂದ ತಟ್ಟಿ ನಾದ ಕೇಳುತ್ತಿದ್ದರು. ಪದರ ಬಿಟ್ಟುಕೊಂಡಿದ್ದರೆ ಸದ್ದು ಬೇರೆಯಾಗುತ್ತದೆ. ಆಗ ಉರಿಯನ್ನು ನಾಲ್ಕು ಬೆರಳು ಮುಂದಕ್ಕೆ ತಳ್ಳುವುದು, ಮತ್ತೆ ತಟ್ಟುವುದು. ಹೀಗೆ ಅರ್ಧ ಅಡಿ ದಪ್ಪದ ವಿಶಾಲವಾದ ಚಪ್ಪಡಿ ಒಂದೇ ತುಂಡಾಗಿ ಎದ್ದುಬರುವುದನ್ನು ಕಂಡು ಬೆರಗಾದ ವಿದ್ವಾಂಸರೊಬ್ಬರ ವರದಿ 1895ರಲ್ಲಿ ಇಂಗ್ಲೆಂಡಿನ 'ನೇಚರ್' ಪತ್ರಿಕೆಯಲ್ಲಿ ಅಚ್ಚಾಯಿತು. ಈ ವಿದ್ಯೆಯನ್ನು ಅವರಿಗೆ ಕಲಿಸಿದ ಶಾಲೆ ಯಾವುದೂ ಇರಲಿಲ್ಲ. ಬಿ.ಎಡ್. ಮಾಡಿದ ನನ್ನಂಥವರು ಇದನ್ನು ನೆನೆದುಕೊಳ್ಳುವುದು ಒಳ್ಳೆಯದು.

ಕುಳಿ ಹೊಡೆಯುವ ಅಗತ್ಯ ಬಂದದ್ದು ಮದ್ದಿನಿಂದ. 1627ರಲ್ಲಿ, ಇಂದಿನ ಸ್ಲೊವಾಕಿಯಾ ದೇಶಕ್ಕೆ ಸೇರಿದ ಬಾನ್ಸ್ಕಾ ಶ್ಟಿಯಾವ್ನಿಟ್ಸಾದ ಗಣಿಯಲ್ಲಿ ಕಾಸ್ಪರ್ ವೈಂಡ್ಲ್ ಎಂಬಾತ ಬಂಡೆಯನ್ನು ಸಿಡಿಮದ್ದಿನಿಂದ ಒಡೆದ. ಮದ್ದು ತುಂಬಲು ಕುಳಿ ಬೇಕು, ಕುಳಿಗೆ ಕೈಗಳು ಬೇಕು. ಒಬ್ಬ ಉಳಿ ಹಿಡಿದು ಕೂರುತ್ತಿದ್ದ, ಒಬ್ಬಿಬ್ಬರು ಸಮ್ಮಟಿಗೆಯಿಂದ ಹೊಡೆಯುತ್ತಿದ್ದರು. ಪ್ರತಿ ಪೆಟ್ಟಿಗೂ ಹಿಡಿದವನು ಉಳಿಯನ್ನು ಒಂದಿಷ್ಟು ತಿರುಗಿಸಬೇಕು, ಇಲ್ಲವಾದರೆ ಅದು ಕಚ್ಚಿಕೊಂಡು ನಿಲ್ಲುತ್ತದೆ. ನಡುನಡುವೆ ಕುಳಿಗೆ ನೀರು ಹುಯ್ದು, ಕೆಸರಾದ ಪುಡಿಯನ್ನು ಉದ್ದನೆಯ ಚಮಚೆಯಂಥ ಸಲಾಕೆಯಿಂದ ಗೋರಿ ತೆಗೆಯಬೇಕು. ಹೊಡೆತ, ತಿರುವು, ಪುಡಿ ತೆಗೆಯುವುದು: ಅಂದಿನಿಂದ ಇಂದಿನವರೆಗೆ ಬಂಡೆ ಕೊರೆಯುವ ಯಂತ್ರ ಮಾಡುವುದೂ ಈ ಮೂರನ್ನೇ. ಕೈಯಿಂದ ಕೆಳಮುಖವಾಗಿ ಕೊರೆಯುತ್ತಿದ್ದ ಆ ಕಾಲದಲ್ಲಿ ಕುಳಿಯಿಂದ ಹೊರಬರುತ್ತಿದ್ದುದು ಬಹುಮಟ್ಟಿಗೆ ಕೆಸರು, ಧೂಳಲ್ಲ ಎಂಬುದನ್ನು ದಯವಿಟ್ಟು ಗಮನದಲ್ಲಿಡಿ.

ಯಂತ್ರ ಕಾಲಿಟ್ಟದ್ದು ಆಲ್ಪ್ಸ್ ಪರ್ವತದೊಳಗೆ. ಇಟಲಿ ಮತ್ತು ಫ್ರಾನ್ಸ್‌ಗಳ ನಡುವಣ ಸುಮಾರು 13 ಕಿ.ಮೀ. ಉದ್ದದ ಫ್ರೆಜ್ಯೂಸ್ ಸುರಂಗದ ಕೆಲಸ 1857ರಲ್ಲಿ ಕೈ ಉಳಿಯಿಂದಲೇ ಆರಂಭವಾಯಿತು. ಆ ವೇಗದಲ್ಲಿ ಮುಗಿಯಲು ದಶಕಗಳೇ ಬೇಕಾಗಿದ್ದವು. ಸುರಂಗದೊಳಗೆ ಉಗಿಯಂತ್ರ ಇಟ್ಟರೆ ಹೊಗೆಯಲ್ಲಿ ಜನ ಉಸಿರುಗಟ್ಟುತ್ತಾರೆ. ಸೊಮ್ಮೆಯೆ ಎಂಬ ಎಂಜಿನಿಯರ್ ಬೆಟ್ಟದಿಂದ ಇಳಿಯುವ ನೀರಿನ ಬಲದಿಂದ ಹೊರಗೇ ಗಾಳಿಯನ್ನು ಒತ್ತಿ, ಕೊಳವೆಗಳಲ್ಲಿ ಒಳಕ್ಕೆ ಕಳುಹಿಸಿದ. 1861ರಿಂದ ಆ ಗಾಳಿಯೇ ಉಳಿಯನ್ನು ಬಡಿಯತೊಡಗಿತು. ಯಂತ್ರದಿಂದ ಹೊರಬಿದ್ದ ಗಾಳಿ ಕೆಲಸಗಾರರ ಉಸಿರಿಗೂ ಒದಗಿತು. 1871ರಲ್ಲಿ ರೈಲು ಓಡಿತು. ಸೊಮ್ಮೆಯೆ ಮಾತ್ರ ಅದೇ ವರ್ಷ, ಸುರಂಗ ತೆರೆಯುವ ಕೆಲವು ವಾರಗಳ ಮುಂಚೆ ತೀರಿಕೊಂಡ.

ಇನ್ನು ನಮ್ಮ ರಂಧ್ರಕ್ಕೆ ಬರೋಣ. ಅಮೆರಿಕದ ಕೊಲರಾಡೊದಲ್ಲಿ ಜಾರ್ಜ್ ಲೈನರ್ ಎಂಬುವನು 1897ರ ಸುಮಾರಿಗೆ ಸರಳಿನ ನಡುವೆ ರಂಧ್ರವಿಟ್ಟು, ಅದರ ಮೂಲಕ ಗಾಳಿಯನ್ನು ಕುಳಿಯ ತಳಕ್ಕೇ ಊದುವ ಯಂತ್ರ ಮಾಡಿದ. ಪುಡಿ ತಾನಾಗಿ ಹಾರಿ ಹೊರಬಂದಿತು, ಕೆಲಸ ಬಲು ಚುರುಕಾಯಿತು. ಆದರೆ ಎದ್ದ ಧೂಳನ್ನು ತಾಳಲಾರದೆ ಗಣಿಕಾರ್ಮಿಕರು ಆ ಯಂತ್ರವನ್ನು ಮುಟ್ಟುವುದಿಲ್ಲವೆಂದರು. ಲೈನರ್ ಮಾರಿದ್ದ ಯಂತ್ರಗಳನ್ನು ಹಿಂದಕ್ಕೆ ತರಿಸಿಕೊಂಡು, ಅದೇ ರಂಧ್ರದಲ್ಲಿ ಗಾಳಿಯ ಜೊತೆಗೆ ನೀರೂ ಹರಿಯುವಂತೆ ಮಾಡಿದ. ಹೆಸರು ಇತಿಹಾಸದಲ್ಲಿ ಉಳಿದಿರುವುದು ಲೈನರನದು. ಒಲ್ಲೆನೆಂದು ಯಂತ್ರವನ್ನು ಕೆಳಗಿಟ್ಟ ಕೂಲಿಯವರದೂ ಅದರಲ್ಲಿ ಅರ್ಧ ಪಾಲಿದೆಯೆಂದು ನನ್ನ ಅಭಿಪ್ರಾಯ. ಅದಕ್ಕೆ ಮುಂಚಿನ ಒಣ ಯಂತ್ರಗಳಿಗೆ ಅಲ್ಲಿನವರು 'ವಿಧವೆಯರನ್ನು ಮಾಡುವ ಯಂತ್ರ' ಎಂದೇ ಅಡ್ಡಹೆಸರಿಟ್ಟಿದ್ದರು.

ಹೆಸರು ಕ್ರೂರವಾಗಿದ್ದರೂ ಸುಳ್ಳಲ್ಲ. ಬೆಣಚುಕಲ್ಲಿನಲ್ಲಿಯೂ ಗ್ರಾನೈಟಿನಲ್ಲಿಯೂ ಸಿಲಿಕಾ ಇದೆ. ಕಣ್ಣಿಗೆ ಕಾಣುವ ಧೂಳನ್ನು ಮೂಗು, ಗಂಟಲು ತಡೆದಾವು. ಕಾಣದಷ್ಟು ಸಣ್ಣ ಕಣಗಳು ಶ್ವಾಸಕೋಶದ ತಳಕ್ಕೆ ಹೋಗಿ ನೆಲೆಸುತ್ತವೆ, ಸುತ್ತಲೂ ಗಾಯದ ಕಲೆ ಕಟ್ಟುತ್ತದೆ, ಮೃದುವಾದ ಅಂಗ ಗಡುಸಾಗುತ್ತದೆ. ಇದೇ ಸಿಲಿಕೋಸಿಸ್. ಇದನ್ನು ವಾಸಿಮಾಡುವ ಮದ್ದು ಇಂದಿಗೂ ಇಲ್ಲ. ಈ ರೋಗ ಬಂದವರಿಗೆ ಕ್ಷಯವೂ ಬೇಗ ಅಂಟಿಕೊಳ್ಳುತ್ತದೆ.

ನಮ್ಮ ಕೋಲಾರದ ಚಿನ್ನದ ಗಣಿಯ ಕಥೆ ಹೇಳುವಾಗ ನಾವೆಲ್ಲ ಶಿವನಸಮುದ್ರದಿಂದ 1902ರಲ್ಲಿ ಬಂದ ವಿದ್ಯುತ್ತನ್ನೂ, 3 ಕಿ.ಮೀ.ಗೂ ಮಿಕ್ಕ ಚಾಂಪಿಯನ್ ರೀಫ್‌ನ ಆಳವನ್ನೂ ಹೆಮ್ಮೆಯಿಂದ ಹೇಳುತ್ತೇವೆ. ನಾನೂ ಹಾಗೆಯೇ ಪಾಠ ಮಾಡಿದವನು. 1940ರ ದಶಕದಲ್ಲಿ ಅಲ್ಲಿ ನಡೆದ ವೈದ್ಯಕೀಯ ತಪಾಸಣೆಯ ವಿಷಯ ನಮ್ಮ ಪಠ್ಯದಲ್ಲಿ ಇರಲಿಲ್ಲ. ಪರೀಕ್ಷೆಗೊಳಗಾದ 7,000ಕ್ಕೂ ಹೆಚ್ಚು ಕಾರ್ಮಿಕರಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚು ಮಂದಿಯ ಶ್ವಾಸಕೋಶದಲ್ಲಿ ಸಿಲಿಕೋಸಿಸ್ ಕಂಡುಬಂದಿತ್ತು. ಗಣಿ 2001ರಲ್ಲಿ ಮುಚ್ಚಿತು.

ನೀರಿನ ಉಪಾಯ ತಿಳಿದಿದ್ದೂ ಬಳಸದಿದ್ದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ವೆಸ್ಟ್ ವರ್ಜೀನಿಯಾದ ಹಾಕ್ಸ್ ನೆಸ್ಟ್ ಸುರಂಗವೇ ಸಾಕ್ಷಿ. ನದಿಯನ್ನು ವಿದ್ಯುದಾಗಾರಕ್ಕೆ ತಿರುಗಿಸಲು 1930ರಲ್ಲಿ ಸಿಲಿಕಾ ತುಂಬಿದ ಬೆಟ್ಟವನ್ನು ಕೊರೆಯತೊಡಗಿದರು. ಲೈನರನ ಯಂತ್ರ ಬಂದು ಮೂವತ್ತು ವರ್ಷ ದಾಟಿದ್ದರೂ, ಒಣಗಿ ಕೊರೆದರೆ ಕೆಲಸ ಬೇಗ ಸಾಗುವುದೆಂದು ನೀರನ್ನು ಬಿಟ್ಟರು. ಒಳಗೆ ದುಡಿದವರಲ್ಲಿ ಬಹುಪಾಲು ಕೆಲಸ ಹುಡುಕಿಕೊಂಡು ಬಂದ ಬಡ ಕಪ್ಪು ಜನ. ಸತ್ತವರು ಕಡಿಮೆಯೆಂದರೂ 764 ಮಂದಿ ಎಂದು ಮಾರ್ಟಿನ್ ಚೆರ್ನಿಯಾಕ್ ಎಂಬ ವೈದ್ಯರು 1986ರಲ್ಲಿ ಅಂದಾಜು ಮಾಡಿದರು.

ಆಮೇಲಿನ ಕಥೆಯನ್ನು ಬೇಗ ಮುಗಿಸಬಹುದು. 1940ರ ದಶಕದಲ್ಲಿ ಟಂಗ್‌ಸ್ಟನ್ ಕಾರ್ಬೈಡ್ ತುದಿಯ ಉಳಿಯೂ, ಒಬ್ಬನೇ ನಡೆಸಬಹುದಾದ ಹಗುರ ಯಂತ್ರವೂ ಸ್ವೀಡನ್ನಿನಿಂದ ಬಂದವು. 1970ರ ದಶಕದಲ್ಲಿ ಗಾಳಿಯ ಬದಲಿಗೆ ಎಣ್ಣೆಯ ಒತ್ತಡದಿಂದ ಬಡಿಯುವ ಹೈಡ್ರಾಲಿಕ್ ಯಂತ್ರಗಳು ಬಂದವು. ನಮ್ಮ ಕೊಳವೆಬಾವಿ ಲಾರಿಯ ಸುತ್ತಿಗೆ ಕುಳಿಯೊಳಕ್ಕೇ ಇಳಿದು ಬಡಿಯುತ್ತದೆ. ಸಾವಿರ ಅಡಿಯಾದರೂ ಬಿಳಿ ಧೂಳೇ ಏಳುತ್ತಿರುವಾಗ, ಅದು ಒದ್ದೆಯಾದೀತೇ ಎಂದು ನೋಡುತ್ತ ನಿಂತ ಅನುಭವ ನಮ್ಮ ಜಿಲ್ಲೆಯ ಬಂಧುಗಳಿಗೆಲ್ಲ ಇದೆ.

ಆ ಪಾಠವಾದ ಕೆಲವು ವಾರಗಳ ನಂತರ ಒಂದು ಭಾನುವಾರ ನಾನು ಆ ಕ್ವಾರಿಗೆ ಹೋದೆ. ಹುಡುಗನ ತಂದೆ ತಲೆಯಿಂದ ಕಾಲಿನವರೆಗೆ ಹಿಟ್ಟಿನ ಗಿರಣಿಯಿಂದ ಬಂದವರಂತಿದ್ದರು, ಮೂಗಿಗೆ ಒಂದು ಟವಲು. ಯಂತ್ರ ನಿಲ್ಲಿಸಿ, ಕೈ ಒರೆಸಿಕೊಂಡು ನಮಸ್ಕರಿಸಿದರು. ನಾನು ನೀರಿನ ವಿಷಯ ಎತ್ತಿದೆ. ಅವರು ನಕ್ಕರು: "ಕುಡಿಯೋ ನೀರೇ ಡ್ರಮ್ಮಲ್ಲಿ ಬರ್ತದೆ ಮೇಷ್ಟ್ರೇ, ಕಲ್ಲಿಗೆ ಎಲ್ಲಿಂದ ತರೋದು?" ಕುಳಿ ಲೆಕ್ಕದ ಕೂಲಿ. ಒಲ್ಲೆನೆಂದು ಯಂತ್ರ ಕೆಳಗಿಟ್ಟರೆ ಎತ್ತಿಕೊಳ್ಳಲು ಇನ್ನೊಬ್ಬ ಸಿದ್ಧ. ನಾನು ಯಾರಿಗಾದರೂ ಒಂದು ಅರ್ಜಿಯನ್ನಾದರೂ ಬರೆಯಬಹುದಿತ್ತು, ಬರೆಯಲಿಲ್ಲ.

ಅವರು 1998ರಲ್ಲಿ, ಐವತ್ತು ತುಂಬುವ ಮುಂಚೆ ಹೋದರು. ಆಸ್ಪತ್ರೆಯ ಚೀಟಿಯಲ್ಲಿ ಕ್ಷಯವೆಂದಿತ್ತು. ಅವರ ದುಡಿಮೆ ಏನೆಂದು ಯಾರೂ ಕೇಳಿರಲಿಲ್ಲವೆಂದು ಮಗ ಆಮೇಲೆ ಹೇಳಿದ.

ರಾಡು ಸಿಕ್ಕ ದಿನ ಅವನಿಗೆ ಫೋನು ಮಾಡಿದೆ. ಈಗ ಅವನ ಮಗಳೇ ಹೈಸ್ಕೂಲಿನಲ್ಲಿದ್ದಾಳೆ. "ಬಿಸಾಕಬೇಡಿ ಸಾರ್, ಅಪ್ಪನದ್ದು ಅಂತ ಮನೇಲಿ ಬೇರೇನೂ ಉಳಿದಿಲ್ಲ, ಹಬ್ಬಕ್ಕೆ ಬಂದಾಗ ತಗೊಂಡು ಹೋಗ್ತೀನಿ" ಎಂದ. ತುಕ್ಕನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಕಾಗದದಲ್ಲಿ ಸುತ್ತಿ ಎತ್ತಿಟ್ಟಿದ್ದೇನೆ.